ಫ್ಲೂಯೆಂಟ್ ಇಂಗ್ಲಿಷ್: ಕೆಲಸಕ್ಕೆ ಬೇಕಾ, ಬಾಗಿಲು ದಾಟೋಕೆ ಬೇಕಾ?

2011ರ ಜನಗಣತಿಯ ಭಾಷಾ ಲೆಕ್ಕ ತೆಗೆದು ನೋಡಿ. ದೇಶದ 121 ಕೋಟಿ ಜನರಲ್ಲಿ ಇಂಗ್ಲಿಷ್ ನಮ್ಮ ಮನೆಮಾತು ಎಂದು ಬರೆಸಿದವರು ಬರೀ 2 ಲಕ್ಷ 60 ಸಾವಿರದಷ್ಟು. ಎರಡನೇ ಭಾಷೆಯಾಗಿ ಬರುತ್ತದೆ ಎಂದವರು ಸುಮಾರು 8.3 ಕೋಟಿ, ಮೂರನೇ ಭಾಷೆ ಎಂದವರು 4.6 ಕೋಟಿ. ಎಲ್ಲ ಕೂಡಿಸಿದರೂ ನೂರಕ್ಕೆ ಹನ್ನೊಂದು ಜನ ತುಂಬುವುದಿಲ್ಲ. ಅದರಲ್ಲೂ ಎಷ್ಟು ಬರುತ್ತದೆ ಎಂದು ಗಣತಿಗೆ ಬಂದ ಮೇಷ್ಟ್ರು ಪರೀಕ್ಷೆ ಮಾಡಿರಲಿಲ್ಲ. ಮನೆಯವರು ಹೇಳಿದ್ದನ್ನು ಬರೆದುಕೊಂಡು ಹೋದರು, ಅಷ್ಟೇ.

ಇಂಥ ದೇಶದಲ್ಲಿ ಮಾಲ್‌ನಲ್ಲಿ ಬಟ್ಟೆ ಮಡಚುವ ಕೆಲಸದಿಂದ ಹಿಡಿದು ಹೈಕೋರ್ಟಿನ ವಕೀಲಿಕೆಯವರೆಗೆ ಇಂಗ್ಲಿಷಿನ ಷರತ್ತು ಇದೆ. ಜಾಹೀರಾತಿನಲ್ಲಿ ‘ಫ್ಲೂಯೆಂಟ್ ಇಂಗ್ಲಿಷ್ ಕಡ್ಡಾಯ’ ಎಂಬ ಸಾಲು ಇಲ್ಲದಿದ್ದರೆ ಆ ಕಂಪನಿ ನಿಜವಾದದ್ದಾ ಎಂದು ಅನುಮಾನ ಬರುವಷ್ಟು ಅದು ಮಾಮೂಲಾಗಿದೆ.

ಈ ವಿಷಯ ಎತ್ತಿದರೆ ಮಾತು ಬೇಗ ಜಗಳಕ್ಕೆ ತಿರುಗುತ್ತದೆ. ಒಬ್ಬರು ‘ಇಂಗ್ಲಿಷ್ ಇಲ್ಲದೆ ಬದುಕೋಕೆ ಆಗುತ್ತಾ’ ಅನ್ನುತ್ತಾರೆ, ಇನ್ನೊಬ್ಬರು ‘ಜಪಾನಿನವರು ಬದುಕಿಲ್ವಾ’ ಅನ್ನುತ್ತಾರೆ. ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾರೆ. ಇಂಗ್ಲಿಷಿನಿಂದ ಈಗ ಲಾಭ ಇದೆಯೇ ಎಂಬುದು ಒಂದು ಪ್ರಶ್ನೆ. ಇರಬೇಕೇ, ಎಲ್ಲಿ ಎಷ್ಟು ಇರಬೇಕು ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ ಸುಲಭ: ಲಾಭ ಇದೆ. ಮೆಹ್ತಬುಲ್ ಆಜಮ್, ಏಮಿ ಚಿನ್, ನಿಶಿತ್ ಪ್ರಕಾಶ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 2005ರ ದೇಶವ್ಯಾಪಿ ಕುಟುಂಬ ಸಮೀಕ್ಷೆಯ ಮಾಹಿತಿ ಇಟ್ಟುಕೊಂಡು ಇದನ್ನು ಲೆಕ್ಕ ಹಾಕಿದ್ದಾರೆ. ವಯಸ್ಸು, ಜಾತಿ, ಓದು, ಊರು, ಓದಿನಲ್ಲಿ ಚುರುಕು ಎಷ್ಟು ಎಂಬುದನ್ನೆಲ್ಲ ಹೊಂದಿಸಿದ ಮೇಲೂ, ಇಂಗ್ಲಿಷ್ ಸರಾಗವಾಗಿ ಮಾತಾಡುವ ಗಂಡಸರಿಗೆ ಇಂಗ್ಲಿಷ್ ಬಾರದವರಿಗಿಂತ ಗಂಟೆಗೆ ಶೇ 34ರಷ್ಟು ಹೆಚ್ಚು ಕೂಲಿ ಸಿಗುತ್ತಿತ್ತು. ಅಲ್ಪಸ್ವಲ್ಪ ಬರುವವರಿಗೆ ಶೇ 13 ಹೆಚ್ಚು. ಆ ಸಮೀಕ್ಷೆಯಲ್ಲಿ ಸರಾಗವಾಗಿ ಮಾತಾಡುತ್ತೇವೆ ಎಂದವರು ನೂರಕ್ಕೆ ನಾಲ್ಕೇ ಜನ.

ಸ್ಪೋಕನ್ ಇಂಗ್ಲಿಷ್ ಕೋರ್ಸ್ ಮಾರುವವರಿಗೆ ಶೇ 34 ಎಂಬ ಅಂಕಿ ತುಂಬಾ ಇಷ್ಟವಾಗುತ್ತದೆ. ಅದೇ ಅಧ್ಯಯನದ ಮುಂದಿನ ಮಾತು ಮಾತ್ರ ಅವರ ಪೋಸ್ಟರಿನಲ್ಲಿ ಬರುವುದಿಲ್ಲ. ಲಾಭ ಎಲ್ಲರಿಗೂ ಒಂದೇ ಥರ ಇರಲಿಲ್ಲ. ವಯಸ್ಸಾದ, ಹೆಚ್ಚು ಓದಿದ ನೌಕರರಿಗೆ ಜಾಸ್ತಿ ಸಿಗುತ್ತಿತ್ತು. ಚಿಕ್ಕ ವಯಸ್ಸಿನವರಲ್ಲಿ ಹೆಚ್ಚು ಓದಿದವರಿಗೆ ಮಾತ್ರ ಇಂಗ್ಲಿಷಿನ ಫಲ ಕಾಣುತ್ತಿತ್ತು. ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ಹುಡುಗ ಮೂರು ತಿಂಗಳು ಇಂಗ್ಲಿಷ್ ಕಲಿತು ಬಂದರೆ ಸಂಬಳ ಮೂರನೇ ಒಂದು ಪಾಲು ಏರುತ್ತದೆ ಎಂದು ಇದರಿಂದ ಹೇಳಲು ಆಗುವುದಿಲ್ಲ. ಕೈಯಲ್ಲಿ ಬೇರೆ ವಿದ್ಯೆ ಇದ್ದಾಗ ಇಂಗ್ಲಿಷ್ ಅದರ ಬೆಲೆ ಏರಿಸುತ್ತದೆ. ಬರೀ ಇಂಗ್ಲಿಷಿಗೆ ಅಷ್ಟು ಬೆಲೆ ಇಲ್ಲ.

ಈಗ ಎರಡನೇ ಪ್ರಶ್ನೆಗೆ ಬರೋಣ. ಅದಕ್ಕೆ ಕ್ಯಾಂಪಸ್ ಇಂಟರ್‌ವ್ಯೂ ಹತ್ತಿರದಿಂದ ನೋಡಬೇಕು.

ಉತ್ತರ ಕರ್ನಾಟಕದ ಯಾವುದೋ ಒಂದು ಎಂಜಿನಿಯರಿಂಗ್ ಕಾಲೇಜು ಎಂದಿಟ್ಟುಕೊಳ್ಳಿ. ಕಂಪನಿ ಬಂದಿದೆ. ಮೊದಲು ಕಂಪ್ಯೂಟರಿನಲ್ಲಿ ಆಪ್ಟಿಟ್ಯೂಡ್ ಟೆಸ್ಟ್. ಅದರಲ್ಲಿ ಪಾಸಾದವರನ್ನು ಹನ್ನೆರಡು ಹನ್ನೆರಡು ಜನರಂತೆ ಕೂರಿಸಿ ಜಿಡಿ, ಅಂದರೆ ಗುಂಪು ಚರ್ಚೆ. ವಿಷಯ ಸೋಷಿಯಲ್ ಮೀಡಿಯಾ ಒಳ್ಳೆಯದೋ ಕೆಟ್ಟದ್ದೋ ಎನ್ನುವಂಥದ್ದು. ಇಬ್ಬರು ಮೂವರು ಶುರುವಿನಿಂದಲೇ ಮಾತು ಹಿಡಿಯುತ್ತಾರೆ. ಮೂಲೆಯಲ್ಲಿ ಕೂತ ಹಾಸ್ಟೆಲ್ ಹುಡುಗನ ಹತ್ತಿರವೂ ಒಂದು ಒಳ್ಳೆಯ ಪಾಯಿಂಟ್ ಇರುತ್ತದೆ. ಅದನ್ನು ಅವನು ಕನ್ನಡದಲ್ಲಿ ಯೋಚಿಸಿ, ತಲೆಯಲ್ಲೇ ಇಂಗ್ಲಿಷ್ ಮಾಡಿ, ಗ್ರಾಮರ್ ಸರಿ ಇದೆಯಾ ಎಂದು ಇನ್ನೊಮ್ಮೆ ನೋಡಿಕೊಂಡು ಬಾಯಿ ತೆಗೆಯುವಷ್ಟರಲ್ಲಿ ಚರ್ಚೆ ಎರಡು ವಿಷಯ ದಾಟಿ ಹೋಗಿರುತ್ತದೆ. ಹದಿನೈದು ನಿಮಿಷ ಮುಗಿಯಿತು. ಅವನ ಹೆಸರಿನ ಮುಂದೆ ‘ಕಮ್ಯುನಿಕೇಷನ್ ಸಾಲದು’ ಎಂದು ಬೀಳುತ್ತದೆ. ಟೆಕ್ನಿಕಲ್ ರೌಂಡಿಗೆ ಅವನು ಹೋಗುವುದೇ ಇಲ್ಲ. ಒಂದು ಹಾಳೆ ಕೊಟ್ಟು ಈ ಪ್ರೋಗ್ರಾಮ್ ಬರಿ ಅಂದಿದ್ದರೆ ಬರೆದು ಕೊಡುತ್ತಿದ್ದ. ಹಾಳೆ ಕೊಡುವ ಕೋಣೆ ಪಕ್ಕದಲ್ಲಿತ್ತು.

ಇಷ್ಟಕ್ಕೂ ಆಯ್ಕೆಯಾದವರು ಮಾಡುವ ಕೆಲಸವಾದರೂ ಏನು? ಸಾಫ್ಟ್‌ವೇರ್ ಟೆಸ್ಟಿಂಗ್‌ಗೆ ಸೇರಿದ ಹೊಸಬ ಮೊದಲ ವರ್ಷ ಬಹುತೇಕ ಇಂಗ್ಲಿಷ್ ಓದುತ್ತಾನೆ. ಡಾಕ್ಯುಮೆಂಟ್, ಎರರ್ ಮೆಸೇಜ್, ಟಿಕೆಟ್, ಮೇಲ್. ಸ್ವಲ್ಪ ಬರೆಯುತ್ತಾನೆ. ಪಕ್ಕದ ಸೀಟಿನವನ ಜೊತೆ ಕನ್ನಡ, ತೆಲುಗು, ತಮಿಳು, ಹಿಂದಿ ಯಾವುದಾಗುತ್ತೋ ಅದರಲ್ಲಿ ಮಾತಾಡುತ್ತಾನೆ. ದಿನಕ್ಕೊಂದು ಮೀಟಿಂಗ್‌ನಲ್ಲಿ ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀನಿ ಎಂದು ಎರಡು ವಾಕ್ಯ ಇಂಗ್ಲಿಷಿನಲ್ಲಿ ಹೇಳುತ್ತಾನೆ. ಕ್ಲೈಂಟ್ ಜೊತೆ ಮಾತಾಡುವ ಅವಕಾಶ ಬರುವಷ್ಟರಲ್ಲಿ ಎರಡು ಮೂರು ವರ್ಷ ಆಗಿರುತ್ತದೆ. ಅಷ್ಟರಲ್ಲಿ ನಾಲಿಗೆಯೂ ಹೊರಳಿರುತ್ತದೆ.

ನನ್ನ ಪ್ರಕಾರ ಇಡೀ ವಿಷಯದ ಗಂಟು ಇಲ್ಲೇ ಇದೆ. ಕೆಲಸಕ್ಕೆ ಬೇಕಾದ್ದು ಬಹುಪಾಲು ಓದು ಬರಹದ ಇಂಗ್ಲಿಷ್. ಬಾಗಿಲಲ್ಲಿ ಅಳೆಯುತ್ತಿರುವುದು ಮಾತಿನ ಇಂಗ್ಲಿಷ್, ಅದರಲ್ಲೂ ವೇಗ ಮತ್ತು ಉಚ್ಚಾರ. ಕಾಲ್ ಸೆಂಟರಿನ ವಾಯ್ಸ್ ಕೆಲಸಕ್ಕೆ ಉಚ್ಚಾರ ನೋಡುವುದು ನ್ಯಾಯ, ಅಲ್ಲಿ ಮಾತೇ ಕೆಲಸ. ಆ ಉದ್ಯಮದವರು ‘ಎಂಟಿಐ’ ಎಂಬ ಮೂರಕ್ಷರ ಬಳಸುತ್ತಾರೆ. ಇಂಗ್ಲಿಷ್ ಮಾತಿನಲ್ಲಿ ತಾಯ್ನುಡಿಯ ಛಾಯೆ ಕಂಡರೆ ಹಾಗೆ ಗುರುತು ಹಾಕುತ್ತಾರೆ. ಅದನ್ನು ತಿದ್ದಲು ತರಬೇತಿಯೂ ಇದೆ. ಆದರೆ ಅದೇ ಅಳತೆಗೋಲು ಲ್ಯಾಬ್ ಟೆಕ್ನಿಷಿಯನ್, ಅಕೌಂಟ್ಸ್ ಸಹಾಯಕ, ಸಿಎನ್‌ಸಿ ಮೆಷಿನ್ ಆಪರೇಟರ್ ಹುದ್ದೆಗೂ ಬಂದರೆ ಅದು ಕೆಲಸದ ಅಳತೆ ಆಗಿ ಉಳಿಯುವುದಿಲ್ಲ.

ಕಂಪನಿಗಳು ದಡ್ಡರೇನಲ್ಲ. ಹಾಗಾದರೆ ಯಾಕೆ ಹೀಗೆ ಮಾಡುತ್ತಾರೆ? ಐವತ್ತು ಹುದ್ದೆಗೆ ಎರಡು ಸಾವಿರ ಅರ್ಜಿ ಬಂದಿರುತ್ತವೆ. ಎಲ್ಲರ ಕೆಲಸ ಪರೀಕ್ಷೆ ಮಾಡಲು ಟೈಮ್ ಬೇಕು, ದುಡ್ಡು ಬೇಕು. ಇಂಗ್ಲಿಷ್ ಮಾತು ಮಾತ್ರ ಎರಡೇ ನಿಮಿಷದಲ್ಲಿ ಕೇಳಿಸುತ್ತದೆ. ಚೆನ್ನಾಗಿ ಮಾತಾಡುವವನು ಒಳ್ಳೆಯ ಶಾಲೆಗೆ ಹೋಗಿರುತ್ತಾನೆ, ಒಳ್ಳೆಯ ಶಾಲೆಗೆ ಹೋದವನು ಕೆಲಸವನ್ನೂ ಚೆನ್ನಾಗಿ ಮಾಡುತ್ತಾನೆ ಎಂಬ ಅಂದಾಜು. ಹೊಳ್ಳು ಹಾರಿಸುವ ಮೊರದ ಹಾಗೆ ಇಂಗ್ಲಿಷನ್ನು ಬಳಸುತ್ತಾರೆ. ಗಾಳಿಗೆ ಕಾಳೂ ಹಾರಿಹೋದರೆ ಲೆಕ್ಕ ಇಡುವವರಿಲ್ಲ. ಯಾಕೆಂದರೆ ಹಾಗೆ ಹೊರಬಿದ್ದವನು ಆಮೇಲೆ ಏನಾದ ಎಂದು ಯಾವ ಎಚ್‌ಆರ್ ವಿಭಾಗವೂ ಹಿಂತಿರುಗಿ ನೋಡುವುದಿಲ್ಲ.

ಸರಾಗವಾದ ಮಾತು ಎಲ್ಲಿಂದ ಬರುತ್ತದೆ? ಇಂಗ್ಲಿಷ್ ಓದಲು ಶಾಲೆಯಲ್ಲಿ ಕಲಿಸಬಹುದು. ತಡವರಿಸದೆ ಮಾತಾಡಲು ದಿನಾ ಆ ಭಾಷೆ ಕಿವಿಗೆ ಬೀಳಬೇಕು, ತಪ್ಪು ಮಾತಾಡಿದರೂ ನಗದವರು ಸುತ್ತ ಇರಬೇಕು. ಅಪ್ಪ ಅಮ್ಮ ಇಂಗ್ಲಿಷಿನಲ್ಲಿ ಫೋನ್ ಮಾಡುವ ಮನೆ, ಅಪಾರ್ಟ್‌ಮೆಂಟಿನಲ್ಲಿ ಬೇರೆ ಬೇರೆ ರಾಜ್ಯದ ಮಕ್ಕಳ ಜೊತೆ ಆಟ, ಇವೆಲ್ಲ ಇದ್ದ ಮಗು ಯಾರೂ ಕಲಿಸದೆ ಕಲಿಯುತ್ತದೆ. ಕೆನಡಾದ ಭಾಷಾ ಶಿಕ್ಷಣ ತಜ್ಞ ಜಿಮ್ ಕಮಿನ್ಸ್ ವಲಸೆ ಬಂದ ಮಕ್ಕಳನ್ನು ಅಧ್ಯಯನ ಮಾಡಿ ಒಂದು ವ್ಯತ್ಯಾಸ ಹೇಳಿದ್ದರು. ದಿನಬಳಕೆಯ ಮಾತು ಹೊಸ ಭಾಷೆಯಲ್ಲಿ ಎರಡು ವರ್ಷದೊಳಗೆ ಬಂದುಬಿಡುತ್ತದೆ. ಪಾಠ ಅರ್ಥ ಮಾಡಿಕೊಂಡು ಉತ್ತರ ಬರೆಯುವಷ್ಟು ಹಿಡಿತ ಬರಲು ಐದರಿಂದ ಏಳು ವರ್ಷ ಬೇಕು. ಅಲ್ಲಿನ ಮಕ್ಕಳಿಗೆ ಬೀದಿಯಲ್ಲೆಲ್ಲ ಇಂಗ್ಲಿಷ್ ಇತ್ತು, ಅದಕ್ಕೇ ಮಾತು ಮೊದಲು ಬಂತು. ನಮ್ಮ ಸಿಂದಗಿಯಲ್ಲೋ ಚಳ್ಳಕೆರೆಯಲ್ಲೋ ಆಗುವುದು ತಿರುಗುಮುರುಗು. ಪಾಠದ ಇಂಗ್ಲಿಷ್ ಒದ್ದಾಡಿಕೊಂಡು ಬರುತ್ತದೆ, ಮಾತಿನ ಇಂಗ್ಲಿಷಿಗೆ ಜಾಗವೇ ಇರುವುದಿಲ್ಲ.

ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ಸೈನ್ಸ್‌ಗೆ ಸೇರಿದವರನ್ನು ಕೇಳಿ. ಜೂನ್‌ನಲ್ಲಿ ಕಾಲೇಜು ಶುರು. ಫಿಸಿಕ್ಸ್ ಲೆಕ್ಚರರ್ ಬೋರ್ಡಿನ ಮೇಲೆ ಲೆಕ್ಕ ಬಿಡಿಸಿದರೆ ಕೈ ತಾನಾಗಿ ಓಡುತ್ತದೆ. ಅದೇ ಲೆಕ್ಕದ ಪ್ರಶ್ನೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಇದ್ದರೆ ಏನು ಕೇಳಿದ್ದಾರೆ ಎಂದು ಹಿಡಿಯುವುದರಲ್ಲೇ ಅರ್ಧ ಹೊತ್ತು. ಎಷ್ಟೋ ಜನ ದಸರಾ ಹೊತ್ತಿಗೆ ಹೊಂದಿಕೊಳ್ಳುತ್ತಾರೆ. ಕೆಲವರು ಆರ್ಟ್ಸ್‌ಗೆ ಬದಲಾಯಿಸಿಕೊಳ್ಳುತ್ತಾರೆ. ಹಾಗೆ ಹೋದವರಿಗೆ ಸೈನ್ಸ್ ತಲೆಗೆ ಹತ್ತಲಿಲ್ಲ ಎಂದು ಊರವರು ಹೇಳುತ್ತಾರೆ, ಕೊನೆಗೆ ಅವರೂ ಅದನ್ನೇ ನಂಬುತ್ತಾರೆ. ಇದು ನನಗೆ ಜಾಸ್ತಿ ಬೇಜಾರಿನ ಸಂಗತಿ.

ಇದಕ್ಕೆ ಅಪ್ಪ ಅಮ್ಮಂದಿರು ಕಂಡುಕೊಂಡ ಉಪಾಯ ಒಂದೇ: ಎಲ್‌ಕೆಜಿಯಿಂದಲೇ ಇಂಗ್ಲಿಷ್ ಮಾಧ್ಯಮ. ಅವರನ್ನು ಬೈದು ಪ್ರಯೋಜನವಿಲ್ಲ. ಒಂದರಿಂದ ನಾಲ್ಕನೇ ಕ್ಲಾಸು ತಾಯ್ನುಡಿ ಅಥವಾ ಕನ್ನಡದಲ್ಲೇ ಇರಬೇಕು ಎಂದು ಕರ್ನಾಟಕ 1994ರಲ್ಲಿ ಆದೇಶ ಹೊರಡಿಸಿತ್ತು. ಇಪ್ಪತ್ತು ವರ್ಷ ಕೋರ್ಟಿನಲ್ಲಿ ಎಳೆದಾಡಿ, 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದು ನಡೆಯುವುದಿಲ್ಲ ಎಂದಿತು. ಮಾಧ್ಯಮ ಆರಿಸುವುದು ತಂದೆತಾಯಿಗೆ ಬಿಟ್ಟದ್ದು, ಸರ್ಕಾರ ಹೇರುವ ಹಾಗಿಲ್ಲ. ಅದಕ್ಕೂ ಮೊದಲೇ, 2007ರಲ್ಲಿ, ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಒಂದು ವಿಷಯವಾಗಿ ಬಂದಿತ್ತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳೇ ಶುರುವಾದವು. ಮಕ್ಕಳನ್ನು ಸೇರಿಸಲು ಕ್ಯೂ ನಿಂತರು.

ಮಾಧ್ಯಮ ಬದಲಾದರೆ ಭಾಷೆ ಬರುತ್ತದಾ? ಗ್ರಾಮೀಣ ಶಾಲೆಗಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಯಲ್ಲಿ ಇಂಗ್ಲಿಷ್ ಓದನ್ನೂ ನೋಡುತ್ತಾರೆ. 2016ರಲ್ಲಿ ನೋಡಿದಾಗ ದೇಶದ ಐದನೇ ಕ್ಲಾಸಿನ ಮಕ್ಕಳಲ್ಲಿ ನಾಲ್ಕಕ್ಕೆ ಒಬ್ಬರಷ್ಟು ಮಾತ್ರ ಸುಲಭದ ಇಂಗ್ಲಿಷ್ ವಾಕ್ಯ ಓದುತ್ತಿದ್ದರು. 2022ರಲ್ಲಿ ನೋಡಿದಾಗಲೂ ಹೆಚ್ಚು ಕಡಿಮೆ ಅಷ್ಟೇ. ಬೋರ್ಡಿನ ಮೇಲೆ ‘ಇಂಗ್ಲಿಷ್ ಮೀಡಿಯಂ’ ಎಂದಿರುವ ಎಷ್ಟೋ ಕಡಿಮೆ ಫೀಸಿನ ಖಾಸಗಿ ಶಾಲೆಗಳ ಒಳಗೆ ಹೋಗಿ ಕೂತರೆ ಗೊತ್ತಾಗುತ್ತದೆ. ಪಠ್ಯಪುಸ್ತಕ ಇಂಗ್ಲಿಷ್, ಮಿಸ್ ಹೇಳುವುದು ಕನ್ನಡ, ಬೋರ್ಡಿನ ಮೇಲಿನ ಉತ್ತರ ಇಂಗ್ಲಿಷ್, ಮಗು ಅದನ್ನು ಬಾಯಿಪಾಠ ಮಾಡುತ್ತದೆ. ಮಿಸ್ ಕನ್ನಡದಲ್ಲಿ ವಿವರಿಸುವುದು ತಪ್ಪಲ್ಲ, ಅಲ್ಲಿ ನಡೆಯುತ್ತಿರುವ ಪಾಠ ಅದೊಂದೇ. ತೊಂದರೆ ಇರುವುದು ಆ ಮಗು ವಿಜ್ಞಾನವನ್ನೂ ಪೂರ್ತಿ ಕಲಿಯದೆ ಇಂಗ್ಲಿಷನ್ನೂ ಕಲಿಯದೆ ಹತ್ತು ವರ್ಷ ಕಳೆಯುವುದರಲ್ಲಿ. ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸುವುದು ಬೇರೆ, ಇಂಗ್ಲಿಷಿನಲ್ಲಿ ಎಲ್ಲವನ್ನೂ ಕಲಿಸುವುದು ಬೇರೆ. ನಮ್ಮಲ್ಲಿ ಎರಡೂ ಒಂದೇ ಎಂದು ಆಗಿಬಿಟ್ಟಿದೆ. ಮನೆಯಲ್ಲಿ ಲಂಬಾಣಿಯನ್ನೋ ತುಳುವನ್ನೋ ಆಡುವ ಮಗುವಿಗಂತೂ ಕನ್ನಡವೇ ಎರಡನೇ ಭಾಷೆ. ರಾಜ್ಯದ ಮೂರನೇ ಒಂದು ಭಾಗದಷ್ಟು ಜನರ ಮನೆಮಾತು ಕನ್ನಡವಲ್ಲ ಎನ್ನುವುದು ಈ ಚರ್ಚೆಯಲ್ಲಿ ಮರೆತೇ ಹೋಗುತ್ತದೆ.

ಇಷ್ಟು ಓದಿದ ಮೇಲೆ ‘ಹಾಗಾದರೆ ಇಂಗ್ಲಿಷ್ ಬಿಡಿ, ಕನ್ನಡ ಸಾಕು’ ಎಂದು ಹೇಳುತ್ತೀನಿ ಅಂದುಕೊಂಡಿರಾ? ಇಲ್ಲ. ಕನ್ನಡದ ಬಗ್ಗೆ ವೇದಿಕೆಯಲ್ಲಿ ಜೋರಾಗಿ ಮಾತಾಡಿ ಮಕ್ಕಳನ್ನು ಕಾನ್ವೆಂಟಿಗೆ ಕಳಿಸುವವರನ್ನು ನಾವೆಲ್ಲ ನೋಡಿದ್ದೇವೆ. ಮೇಲೆ ಹತ್ತಿದವರು ಏಣಿ ಎಳೆದುಕೊಂಡರು ಎಂದು ಕೆಳಗಿರುವವರಿಗೆ ಅನ್ನಿಸಿದರೆ ಅದರಲ್ಲಿ ನ್ಯಾಯ ಇದೆ. ಇಂಗ್ಲಿಷ್ ಕಲಿಯಿರಿ, ಜಾತಿಯ ಕಟ್ಟು ಬಿಚ್ಚಿಕೊಳ್ಳಿ ಎಂದು ಸಾವಿತ್ರಿಬಾಯಿ ಫುಲೆ ಹತ್ತೊಂಬತ್ತನೇ ಶತಮಾನದಲ್ಲೇ ಮರಾಠಿಯಲ್ಲಿ ಪದ್ಯ ಬರೆದಿದ್ದರು. ದಲಿತ ಚಿಂತಕ ಚಂದ್ರಭಾನ್ ಪ್ರಸಾದ್, ಇಲ್ಲಿ ಇಂಗ್ಲಿಷ್ ಶಿಕ್ಷಣಕ್ಕೆ ಪಟ್ಟು ಹಿಡಿದ ಬ್ರಿಟಿಷ್ ಅಧಿಕಾರಿ ಮೆಕಾಲೆಯ ಹುಟ್ಟುಹಬ್ಬ ಆಚರಿಸುತ್ತಾರೆ. ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯ ಬಂಕಾ ಎಂಬ ಹಳ್ಳಿಯಲ್ಲಿ 2010ರಲ್ಲಿ ಇಂಗ್ಲಿಷ್ ದೇವಿಗೆ ಗುಡಿ ಕಟ್ಟಿಸಲು ಹೊರಟಿದ್ದರು. ಒಂದು ಕೈಯಲ್ಲಿ ಪೆನ್ನು ಎತ್ತಿ ಹಿಡಿದು, ತಲೆಗೆ ಹ್ಯಾಟು ಹಾಕಿಕೊಂಡು, ಕಂಪ್ಯೂಟರ್ ಮೇಲೆ ನಿಂತ ದೇವಿ. ನಗು ಬರಬಹುದು. ಆದರೆ ಶೂದ್ರರು ವೇದ ಕೇಳಿದರೆ ಕಿವಿಗೆ ಕಾದ ಸೀಸ ಎಂದಿದ್ದ ಸಮಾಜದಲ್ಲಿ, ಯಾರ ಜಾತಿಯ ಸ್ವತ್ತೂ ಅಲ್ಲದ ಭಾಷೆಯೊಂದು ಬೇಕು ಎನ್ನುವ ಆಸೆಗೆ ನಗುವುದು ಹೇಗೆ?

ಮುಂಬೈನ ದಾದರ್‌ನಲ್ಲಿ ಕೈವನ್ ಮುನ್ಷಿ ಮತ್ತು ಮಾರ್ಕ್ ರೋಸೆನ್‌ಜ್ವೈಗ್ ಎಂಬ ಅರ್ಥಶಾಸ್ತ್ರಜ್ಞರು ಮಾಡಿದ ಅಧ್ಯಯನ ಇದಕ್ಕೆ ಇನ್ನೊಂದು ಎಳೆ ಸೇರಿಸುತ್ತದೆ. ಅದು 2006ರಲ್ಲಿ ಪ್ರಕಟವಾಯಿತು. ಉದಾರೀಕರಣದ ನಂತರ ಇಂಗ್ಲಿಷ್ ಬಲ್ಲವರ ಸಂಬಳ ಏರಿದಾಗ ಕೆಳಜಾತಿಗಳ ಹುಡುಗಿಯರು ಬೇಗ ಇಂಗ್ಲಿಷ್ ಮಾಧ್ಯಮಕ್ಕೆ ಹೊರಳಿದರು. ಅದೇ ಜಾತಿಗಳ ಹುಡುಗರು ಮರಾಠಿ ಮಾಧ್ಯಮದಲ್ಲೇ ಹೆಚ್ಚಾಗಿ ಉಳಿದರು. ಕಾರಣ ಕುತೂಹಲದ್ದು. ಹುಡುಗರಿಗೆ ಮಿಲ್ಲು, ಕಾರ್ಖಾನೆಯಂಥ ಕಡೆ ಜಾತಿಯವರ ಕೈಹಿಡಿದು ಕೆಲಸ ಸಿಗುವ ದಾರಿ ಇತ್ತು. ಹುಡುಗಿಯರಿಗೆ ಅಂಥ ದಾರಿ ಯಾವತ್ತೂ ಇರಲಿಲ್ಲ, ಕಳೆದುಕೊಳ್ಳುವುದೂ ಇರಲಿಲ್ಲ. ಇಂಗ್ಲಿಷ್ ಬಾಗಿಲು ಮುಚ್ಚುತ್ತದೆ ಎನ್ನುವಷ್ಟೇ ನಿಜ, ಮುಚ್ಚಿದ್ದ ಇನ್ನೊಂದು ಬಾಗಿಲನ್ನು ತೆರೆಯುತ್ತದೆ ಎನ್ನುವುದು. ಹಾಗಾಗಿ ಇಂಗ್ಲಿಷ್ ಕಲಿಸಬೇಕು, ಎಲ್ಲರಿಗೂ, ಚೆನ್ನಾಗಿ. ಬಾರದವನನ್ನು ಬಾರದ ಕಾರಣಕ್ಕೇ ಹೊರಗಿಡುವುದು ಬೇರೆ ಮಾತು.

ಹೊರಗಿಡುವುದನ್ನು ಕಾನೂನೇ ಮಾಡುವ ಜಾಗವೂ ಇದೆ. ಸಂವಿಧಾನದ 348ನೇ ವಿಧಿ ಪ್ರಕಾರ ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟುಗಳ ಕಲಾಪ ಇಂಗ್ಲಿಷಿನಲ್ಲಿ. ರಾಜ್ಯಪಾಲರು ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ಹೈಕೋರ್ಟಿನಲ್ಲಿ ರಾಜ್ಯದ ಭಾಷೆಗೂ ಅವಕಾಶ ಕೊಡಬಹುದು. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರಗಳಲ್ಲಿ ಹಿಂದಿಗೆ ಹಾಗೆ ಅವಕಾಶ ಸಿಕ್ಕಿದೆ. ಕನ್ನಡ, ತಮಿಳು, ಬಂಗಾಳಿ, ಗುಜರಾತಿಗೆ ಕೇಳಿದ್ದನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಒಪ್ಪಲಿಲ್ಲ. ಒಂದು ಜಮೀನಿನ ವ್ಯಾಜ್ಯ ತಗೊಳ್ಳಿ. ತಾಲ್ಲೂಕು ಕೋರ್ಟಿನಲ್ಲಿ ಸಾಕ್ಷಿ ಕನ್ನಡದಲ್ಲಿ ಹೇಳುತ್ತಾನೆ, ಪಹಣಿ ಕನ್ನಡದಲ್ಲಿದೆ, ಕ್ರಯಪತ್ರ ಕನ್ನಡದಲ್ಲಿದೆ. ಅಪೀಲು ಧಾರವಾಡ ಪೀಠಕ್ಕೆ ಹೋಯಿತು ಎಂದರೆ ವಾದ ಇಂಗ್ಲಿಷ್, ಆದೇಶ ಇಂಗ್ಲಿಷ್. ಹಿಂದಿನ ಸಾಲಿನಲ್ಲಿ ಕೂತ ಕಕ್ಷಿದಾರನಿಗೆ ತನ್ನ ಹೊಲದ ಸರ್ವೆ ನಂಬರ್ ಕೇಳಿಸಿದಾಗ ಮಾತ್ರ ತನ್ನ ಕೇಸು ನಡೆಯುತ್ತಿದೆ ಎಂದು ತಿಳಿಯುತ್ತದೆ. ಹೊರಗೆ ಬಂದು ‘ಏನಾಯ್ತು ಸಾಹೇಬ್ರೇ’ ಎಂದು ವಕೀಲರನ್ನು ಕೇಳಬೇಕು. ಇಲ್ಲಿ ಕಾನೂನು ಬಲ್ಲ, ಕನ್ನಡದಲ್ಲಿ ಅಡ್ಡಪ್ರಶ್ನೆ ಹಾಕಿ ಸಾಕ್ಷಿಯ ಬೆವರಿಳಿಸುವ ವಕೀಲ ಕೂಡ ಹೈಕೋರ್ಟ್ ಮೆಟ್ಟಿಲು ಹತ್ತಲು ಹಿಂಜರಿಯುತ್ತಾರೆ.

ನಿಯಮ ಬದಲಾಯಿಸಿದ ಕಡೆ ಏನಾಯಿತು? ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯ ಮೇನ್ಸ್ ಅನ್ನು 1979ರಿಂದ ಕನ್ನಡವೂ ಸೇರಿ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಬರೆಯಬಹುದು. ಇಂಗ್ಲಿಷಿನದೊಂದು ಪೇಪರ್ ಇದೆ. ಅದರಲ್ಲಿ 300ಕ್ಕೆ ಶೇ 25 ಬಂದರೆ ಸಾಕು, ಅಂಕ ರ‍್ಯಾಂಕಿಗೆ ಸೇರುವುದಿಲ್ಲ. ಕೆಲಸಕ್ಕೆ ಬೇಕಾಗುವಷ್ಟು ಇಂಗ್ಲಿಷ್ ಇದೆಯಾ ನೋಡಿ, ಉಳಿದದ್ದನ್ನು ಬೇರೆಯಾಗಿ ಅಳೆಯುವ ಕ್ರಮ ಇದು. 2011ರಲ್ಲಿ ಪ್ರಿಲಿಮ್ಸ್‌ಗೆ ಸಿ-ಸ್ಯಾಟ್ ಎಂಬ ಆಪ್ಟಿಟ್ಯೂಡ್ ಪೇಪರ್ ಬಂದು, ಅದರೊಳಗಿನ ಇಂಗ್ಲಿಷ್ ಪ್ರಶ್ನೆಗಳ ಅಂಕವೂ ಎಣಿಕೆಗೆ ಬರತೊಡಗಿದಾಗ ಗಲಾಟೆ ಶುರುವಾಯಿತು. 2014ರಲ್ಲಿ ದೆಹಲಿಯ ಬೀದಿಗಳಲ್ಲಿ ಅಭ್ಯರ್ಥಿಗಳು ಪ್ರತಿಭಟನೆ ಮಾಡಿದರು. ಆ ವರ್ಷ ಇಂಗ್ಲಿಷ್ ಅಂಕ ಬಿಟ್ಟರು, ಮರುವರ್ಷ ಆ ಪೇಪರನ್ನೇ ಬರೀ ಪಾಸಾದರೆ ಸಾಕು ಎಂದು ಮಾಡಿದರು. ನಿಯಮದಿಂದ ಎಲ್ಲ ಸರಿಹೋಗಲಿಲ್ಲ, ಒಳ್ಳೆಯ ಪುಸ್ತಕ, ಕೋಚಿಂಗ್ ಎಲ್ಲ ಈಗಲೂ ಇಂಗ್ಲಿಷಿನಲ್ಲೇ ಜಾಸ್ತಿ. ಕನ್ನಡದಲ್ಲಿ ಬರೆಯುವವರು ಒಂದು ಕೈ ಕಟ್ಟಿಕೊಂಡೇ ಓದಬೇಕು. ಆದರೂ ದಾರಿ ಇದೆ.

ಇನ್ನೊಂದು ಕಡೆ ಲೆಕ್ಕಕ್ಕೇ ಬಾರದ ಭಾಷಾ ಸಾಮರ್ಥ್ಯ ಎಷ್ಟಿದೆ ನೋಡಿ. ಬೆಂಗಳೂರಿನ ಕಲಾಸಿಪಾಳ್ಯದಲ್ಲಿ ಬಿಡಿಭಾಗ ಮಾರುವ ಹುಡುಗ ಕನ್ನಡ, ಉರ್ದು, ತಮಿಳು, ತೆಲುಗು ನಾಲ್ಕರಲ್ಲೂ ಚೌಕಾಸಿ ಮಾಡುತ್ತಾನೆ. ಅವನ ಬಯೋಡೇಟಾ ಬರೆದರೆ ‘ಭಾಷೆ’ ಎಂಬಲ್ಲಿ ಇಂಗ್ಲಿಷ್ ಇಲ್ಲದ ಕಾರಣ ಖಾಲಿ ಬಿಟ್ಟಂತೆ ಕಾಣುತ್ತದೆ. ಇತ್ತ ಬ್ಯಾಂಕ್ ಕೌಂಟರಿನಲ್ಲಿ ಕನ್ನಡ ಬಾರದ ಅಧಿಕಾರಿ ಕೂತರೆ ಕೆಲಸ ನಿಲ್ಲುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ‘ಎದೆ ಹಿಡ್ಕೊಂಡಂಗಾಗುತ್ತೆ’, ‘ಕೈಕಾಲು ಜೋಮು’ ಎಂದು ರೋಗಿ ಹೇಳಿದ್ದು ಡಾಕ್ಟರಿಗೆ ತಿಳಿಯದಿದ್ದರೆ ಆಗುವ ತೊಂದರೆ ಇಂಗ್ಲಿಷ್ ಸರಿಯಿಲ್ಲದ ಟೆಸ್ಟರ್ ಮಾಡುವ ತೊಂದರೆಗಿಂತ ದೊಡ್ಡದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹೊರರಾಜ್ಯದ ವಿದ್ಯಾರ್ಥಿಗಳಿಗೆ ‘ಬಳಕೆ ಕನ್ನಡ’ ಎಂಬ ಪಾಠ ಇದೆ. ಎಂಜಿನಿಯರಿಗೆ ಅದು ಬೇಕು ಎಂದಾದರೆ, ಜನರ ಎದುರು ಕೂರುವ ಹುದ್ದೆಗೆ ಅದರ ತೂಕ ಇನ್ನೂ ಜಾಸ್ತಿ ಇರಬೇಕಲ್ವಾ?

ಇಲ್ಲಿಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೀನಿ. ಇಂಗ್ಲಿಷ್ ಮುಖ್ಯವೇ ಎಂದು ಒಟ್ಟಾರೆ ಕೇಳುವುದನ್ನು ಬಿಟ್ಟು ಹುದ್ದೆ ಹುದ್ದೆಗೆ ಕೇಳಬೇಕು: ಇದರಲ್ಲಿ ಇಂಗ್ಲಿಷ್ ಓದಬೇಕಾ, ಬರೆಯಬೇಕಾ, ಮಾತಾಡಬೇಕಾ, ಯಾರ ಜೊತೆ? ಸೇರುವ ದಿನವೇ ಬೇಕಾ, ಆರು ತಿಂಗಳಲ್ಲಿ ಕಲಿತರೆ ಸಾಕಾ? ಜಾಹೀರಾತಿನಲ್ಲಿ ‘ಫ್ಲೂಯೆಂಟ್ ಇಂಗ್ಲಿಷ್’ ಬದಲು ‘ಇಂಗ್ಲಿಷ್ ಮೇಲ್ ಓದಿ ಉತ್ತರ ಬರೆಯಲು ಬರಬೇಕು’ ಎಂದಿದ್ದರೆ ಅರ್ಜಿ ಹಾಕುವವರ ಸಾಲೇ ಬದಲಾಗುತ್ತದೆ. ಕ್ಯಾಂಪಸ್‌ಗೆ ಬಂದ ಕಂಪನಿ ಟೆಕ್ನಿಕಲ್ ರೌಂಡನ್ನು ಮೊದಲು ಇಟ್ಟು, ಜಿಡಿ ಕೈಬಿಟ್ಟು, ಇಂಗ್ಲಿಷನ್ನು ಒಂದು ಬರಹದ ಪರೀಕ್ಷೆಯಲ್ಲಿ ನೋಡಿದರೆ ಹೆಚ್ಚಿನ ಖರ್ಚೇನೂ ಇಲ್ಲ. ರೌಂಡುಗಳ ಕ್ರಮ ಬದಲಾಯಿಸಿದರೆ ಸಾಕು.

ಇದೆಲ್ಲ ಹೇಳೋಕೆ ಚೆಂದ, ಇಂಟರ್‌ವ್ಯೂ ಕನ್ನಡದಲ್ಲಿ ಮಾಡೋಕಾಗುತ್ತಾ ಎಂದು ಕೇಳುವವರು ಇದ್ದಾರೆ. ಮೇನ್ಸ್ ಅನ್ನು ಕನ್ನಡದಲ್ಲಿ ಬರೆದ ಅಭ್ಯರ್ಥಿ ಯುಪಿಎಸ್‌ಸಿ ಸಂದರ್ಶನವನ್ನೂ ಕನ್ನಡದಲ್ಲಿ ಕೊಡಬಹುದು, ದೆಹಲಿಯಲ್ಲಿ ಮಂಡಳಿಯ ಎದುರು ದುಭಾಷಿ ಕೂರುತ್ತಾರೆ. ಮುಂದೆ ಒಂದು ಜಿಲ್ಲೆಯ ಆಡಳಿತ ನೋಡಿಕೊಳ್ಳುವವರನ್ನು ಹಾಗೆ ಆರಿಸಲು ಆಗುತ್ತದೆ. ಬೆಂಗಳೂರಿನಲ್ಲಿ, ಕನ್ನಡ ಬಲ್ಲ ಎಚ್‌ಆರ್ ಮ್ಯಾನೇಜರ್ ಮೇಜಿನ ಆ ಕಡೆ ಕೂತಿರುವಾಗ, ತಿಂಗಳಿಗೆ ಇಪ್ಪತ್ತು ಸಾವಿರದ ಡೇಟಾ ಎಂಟ್ರಿ ಕೆಲಸಕ್ಕೆ ಆಗುವುದಿಲ್ಲವಂತೆ.